ಹೊಸ ಭಾಗ ಹಾಕಿದ ಮೇಲೆ ಕಂಪ್ಯೂಟರ್ ಏಳುತ್ತಿಲ್ಲವೇ? ಅದು ಎಲ್ಲಿಗೆ ಬಂದು ನಿಂತಿದೆ ಎಂದು ಮೊದಲು ನೋಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಸೌಲಭ್ಯ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಆಮೇಲಿನದೋ ಆಗಿರಬೇಕು. ಹೊಸ ಯಂತ್ರ ಕೊಳ್ಳುವ ಬದಲು ಇರುವುದನ್ನೇ ಗಟ್ಟಿ ಮಾಡಿಕೊಳ್ಳೋಣ ಎಂದು ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬರುವ ವೇಗದ ಡಿಸ್ಕ್), ಇನ್ನೊಂದು ರ‍್ಯಾಮ್ (ಕೆಲಸ ನಡೆಯುವಾಗಿನ ತಾತ್ಕಾಲಿಕ ನೆನಪು), ಕೆಲವೊಮ್ಮೆ ಪ್ರೊಸೆಸರನ್ನೇ ಬದಲಿಸಲು ಹೊರಟವರು ಬಹಳ ಮಂದಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್ ಅಂಗಡಿಯಿಂದಲೋ ಭಾಗ ಮನೆಗೆ ಬರುತ್ತದೆ. ಕ್ಯಾಬಿನೆಟ್ ಬಿಚ್ಚಿ ಕೂರಿಸಿದ್ದಾಗುತ್ತದೆ. ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯುತ್ತದೆ.

ಆಗ ಮೊದಲು ಬಾಯಿಗೆ ಬರುವ ಮಾತು ‘ಮದರ್‌ಬೋರ್ಡ್ ಹೋಯಿತು’. ಅದು ಅವಸರದ ತೀರ್ಪು. ನಿನ್ನೆಯವರೆಗೆ ಓಡುತ್ತಿದ್ದ ಯಂತ್ರ ಭಾಗ ಬದಲಿಸಿದ ಕೂಡಲೇ ನಿಂತಿದ್ದರೆ, ಬದಲಾದದ್ದರ ಸುತ್ತಲೇ ಕಾರಣ ಇರುವ ಸಂಭವ ಹೆಚ್ಚು. ಪೂರ್ತಿ ಕೂರದ ಒಂದು ರ‍್ಯಾಮ್, ಮರೆತ ಒಂದು ಕೇಬಲ್, ಹೊಂದಿಕೆಯಾಗದ ಒಂದು ಸೆಟ್ಟಿಂಗ್ ಇಷ್ಟಕ್ಕೇ ಇಡೀ ಪೆಟ್ಟಿಗೆ ಸತ್ತಂತೆ ಕಾಣಬಲ್ಲದು.

ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವುದೇನು?

ಗೋಡೆಯ ಸ್ವಿಚ್ ಹಾಕಿದಾಗಲೇ ಎಸ್‌ಎಂಪಿಎಸ್, ಅಂದರೆ ಮನೆಯ 230 ವೋಲ್ಟ್ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸುವ ಡಬ್ಬಿ, ಮದರ್‌ಬೋರ್ಡಿಗೆ 5 ವೋಲ್ಟಿನ ಸಣ್ಣ ಪೂರೈಕೆಯನ್ನು ಕೊಡುತ್ತಿರುತ್ತದೆ. ನೀವು ಗುಂಡಿ ಒತ್ತಿದಾಗ ಮದರ್‌ಬೋರ್ಡ್ ಅದಕ್ಕೆ ಪೂರ್ತಿ ಶುರುವಾಗಲು ಸಂಕೇತ ಕಳುಹಿಸುತ್ತದೆ. 12, 5 ಮತ್ತು 3.3 ವೋಲ್ಟಿನ ಮೂರೂ ಪೂರೈಕೆಗಳು ಸ್ಥಿರವಾದವು ಎಂದು ಎಸ್‌ಎಂಪಿಎಸ್ ತಿರುಗಿ ತಿಳಿಸುವವರೆಗೆ ಪ್ರೊಸೆಸರ್ ಕೆಲಸ ಆರಂಭಿಸುವುದಿಲ್ಲ. ಇದೆಲ್ಲ ಸಾಮಾನ್ಯವಾಗಿ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ.

ಆಮೇಲೆ ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಈಗಿನ ಯಂತ್ರಗಳಲ್ಲಿ ಇರುವುದು ಯುಇಎಫ್‌ಐ ಎಂಬ ಅದರ ಹೊಸ ರೂಪ. ಅಂಗಡಿಯಲ್ಲೂ ಮನೆಯಲ್ಲೂ ಅದನ್ನು ಈಗಲೂ ಬಯೋಸ್ ಎಂದೇ ಕರೆಯುತ್ತಾರೆ. ಅದು ಯಂತ್ರದ ಭಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತದೆ. ಈ ತಪಾಸಣೆಗೆ ‘ಪೋಸ್ಟ್’ ಎಂದು ಹೆಸರು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೂ ಇದು ಇತ್ತು. ಎಲ್ಲ ಸರಿಯಿದ್ದರೆ ಬಯೋಸ್ ಡಿಸ್ಕಿನಲ್ಲಿರುವ ವಿಂಡೋಸಿಗೆ ಕೆಲಸ ಒಪ್ಪಿಸಿ ಹಿಂದೆ ಸರಿಯುತ್ತದೆ.

ಈ ತಪಾಸಣೆಯ ಕ್ರಮದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬಯೋಸ್ ಮೊದಲು ರ‍್ಯಾಮ್ ಸಿದ್ಧಪಡಿಸುತ್ತದೆ, ಚಿತ್ರ ಮೂಡಿಸುವ ಕೆಲಸಕ್ಕೆ ಕೈ ಹಾಕುವುದು ಆಮೇಲೆ. ಆದ್ದರಿಂದ ರ‍್ಯಾಮ್ ಸಿಗದಿದ್ದರೆ ‘ರ‍್ಯಾಮ್ ಸಿಗಲಿಲ್ಲ’ ಎಂದು ಪರದೆಯ ಮೇಲೆ ಬರೆದು ತೋರಿಸುವ ಸ್ಥಿತಿಯಲ್ಲೂ ಅದು ಇರುವುದಿಲ್ಲ. ಕಪ್ಪು ಪರದೆಗೆ ಮಾನಿಟರ್ ಕಾರಣವೆಂದು ಬೈದುಕೊಂಡು ಅದರ ಕೇಬಲ್ ಬದಲಿಸುತ್ತಾ ಕೂರುವವರು ಇದನ್ನು ನೆನಪಿಡಬೇಕು.

ತೋಟದ ಪಂಪ್‌ಸೆಟ್ ಕಂಡವರಿಗೆ ಈ ಸರಣಿ ಹೊಸದಲ್ಲ. ಗದ್ದೆಗೆ ನೀರು ಬಾರದಿದ್ದರೆ ಯಾರೂ ಮೊದಲಿಗೇ ಮೋಟಾರನ್ನು ಬಿಚ್ಚುವುದಿಲ್ಲ. ತ್ರೀ ಫೇಸ್ ಬಂದಿದೆಯೇ, ಸ್ಟಾರ್ಟರ್ ಹಿಡಿಯಿತೇ, ಮೋಟಾರ್ ಸದ್ದು ಮಾಡುತ್ತಿದೆಯೇ, ಸದ್ದಿದ್ದೂ ನೀರಿಲ್ಲವೆಂದರೆ ಫುಟ್‌ವಾಲ್ವ್ ನೀರು ಹಿಡಿದಿದೆಯೇ, ಅದೂ ಸರಿಯಿದ್ದರೆ ಪೈಪು ಎಲ್ಲಿ ಒಡೆದಿದೆ ಎಂದು ಸಾಲಾಗಿ ನೋಡುತ್ತಾರೆ. ಕಂಪ್ಯೂಟರಿನಲ್ಲಿ ಪ್ರಶ್ನೆ ಮೂರೇ: ಜೀವವೇ ಬರಲಿಲ್ಲವೇ? ಜೀವ ಬಂದರೂ ಚಿತ್ರ ಬರಲಿಲ್ಲವೇ? ಚಿತ್ರ ಬಂದರೂ ವಿಂಡೋಸ್ ಬರಲಿಲ್ಲವೇ?

ಬಿಚ್ಚುವ ಮೊದಲು

ಸ್ವಿಚ್ ಆರಿಸಿ, ವೈರು ಕಿತ್ತು, ಕ್ಯಾಬಿನೆಟ್ಟಿನ ಗುಂಡಿಯನ್ನು ಹತ್ತಾರು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಖಾಲಿಯಾಗಲಿ. ಬರಿಯ ಈ ಕ್ರಿಯೆಯಿಂದಲೇ ಎದ್ದು ಕೂರುವ ಯಂತ್ರಗಳೂ ಉಂಟು. ಭಾಗಗಳನ್ನು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಹರಿದುಹೋಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ವೈರು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಜೀವವೇ ಇಲ್ಲ

ಫ್ಯಾನ್ ತಿರುಗುವುದಿಲ್ಲ, ದೀಪ ಹತ್ತುವುದಿಲ್ಲ. ಎಸ್‌ಎಂಪಿಎಸ್‌ನ ಹಿಂಬದಿಯ ಪುಟ್ಟ ಸ್ವಿಚ್ ಮೊದಲು ನೋಡಿ. ನಗಬೇಡಿ, ಕೆಲಸ ಮಾಡುವಾಗ ಅದನ್ನು ಆರಿಸಿ ಮರೆಯುವುದು ಬಹಳ ಸಾಮಾನ್ಯ. ಮುಂದಿನದು ಮದರ್‌ಬೋರ್ಡಿನ ಅಂಚಿನಲ್ಲಿರುವ 24 ಪಿನ್ನಿನ ದಪ್ಪ ಕನೆಕ್ಟರ್. ಅದು ಬಿಗಿ, ಕೊಂಡಿ ಟಕ್ಕೆನ್ನುವವರೆಗೆ ಒತ್ತದಿದ್ದರೆ ಕೂತಂತೆ ಕಾಣುತ್ತದೆಯೇ ಹೊರತು ಕೂತಿರುವುದಿಲ್ಲ.

ಮದರ್‌ಬೋರ್ಡನ್ನೇ ಬದಲಿಸಿದ್ದರೆ ಕ್ಯಾಬಿನೆಟ್ಟಿನ ಗುಂಡಿಯಿಂದ ಬರುವ ತೆಳು ವೈರನ್ನು ಬೇರೆ ಪಿನ್ನುಗಳಿಗೆ ಸಿಕ್ಕಿಸಿರಬಹುದು. ಅದರ ಸರಿಯಾದ ಜಾಗ ಮದರ್‌ಬೋರ್ಡಿನ ಕೈಪಿಡಿಯಲ್ಲಿ ಚಿತ್ರಸಹಿತ ಇರುತ್ತದೆ. ಮದರ್‌ಬೋರ್ಡಿನ ಕೆಳಗೆ ಹಾಕುವ ಹಿತ್ತಾಳೆಯ ಪುಟ್ಟ ಕಾಲುಗಳಲ್ಲಿ ಒಂದು ತಪ್ಪು ಜಾಗದಲ್ಲಿದ್ದು ಬೋರ್ಡಿನ ಬೆನ್ನಿಗೆ ತಗಲಿದರೆ ಶಾರ್ಟ್ ಆಗುತ್ತದೆ. ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಇದನ್ನು ಅನುಮಾನಿಸಿ.

ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣ ಅಡಗಿರುತ್ತದೆ: ಯುಪಿಎಸ್. ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ನಿಜಕ್ಕೆ ಕೊಡಬಲ್ಲದ್ದು 360 ವಾಟಿನ ಆಸುಪಾಸು. ಹಳೆಯ ಯಂತ್ರಕ್ಕೆ ಅದು ಸಾಕಾಗಿತ್ತು. 170 ವಾಟ್ ಎಳೆಯುವ ಆರ್‌ಟಿಎಕ್ಸ್ 3060ರಂಥ ಗ್ರಾಫಿಕ್ಸ್ ಕಾರ್ಡ್ ಸೇರಿ, ಮಾನಿಟರ್ ಕೂಡ ಅದರ ಮೇಲೇ ಇದ್ದರೆ ಯುಪಿಎಸ್ ಕಿರುಚಿ ಕೈ ಬಿಡಬಹುದು. ಪರೀಕ್ಷೆ ಸುಲಭ: ಯುಪಿಎಸ್ ಬಿಟ್ಟು ಗೋಡೆಯ ಅರ್ತಿಂಗ್ ಇರುವ ಸಾಕೆಟ್ಟಿಗೆ ನೇರವಾಗಿ ಕೊಟ್ಟು ನೋಡಿ. ಎಸ್‌ಎಂಪಿಎಸ್ ಸಾಮರ್ಥ್ಯವೂ ಇದೇ ಲೆಕ್ಕಕ್ಕೆ ಬರುತ್ತದೆ. ಆ ಕಾರ್ಡಿಗೆ ತಯಾರಕರು ಹೇಳಿರುವುದು 550 ವಾಟಿನ ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆಗೇ ಬಂದ ಅಗ್ಗದ ಡಬ್ಬಿಯ ಮೇಲೆ ಬರೆದ ಅಂಕಿಯನ್ನು ನಾನಾದರೆ ಪೂರ್ತಿ ನಂಬುವುದಿಲ್ಲ.

ಎಸ್‌ಎಂಪಿಎಸ್ ಬದಲಿಸಿದವರಿಗೆ ಒಂದು ಎಚ್ಚರಿಕೆ. ಕೇಬಲ್ ಬಿಚ್ಚಿ ಹಾಕಬಹುದಾದ ಮಾದರಿಗಳಲ್ಲಿ ಹಳೆಯದರ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಬೇಡಿ. ತುದಿಯ ಆಕಾರ ಒಂದೇ ಇದ್ದರೂ ಒಳಗಿನ ವೈರುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡಿಸ್ಕ್ ಸುಟ್ಟುಹೋಗುತ್ತದೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಅಂಗಡಿಯವರು ‘ನೋ ಡಿಸ್‌ಪ್ಲೇ’ ಎನ್ನುವುದು ಇದನ್ನೇ. ಅತಿ ಹೆಚ್ಚು ಗೊಂದಲ ಇಲ್ಲೇ, ಸುಳಿವುಗಳು ಸಿಗುವುದೂ ಇಲ್ಲೇ. ಇತ್ತೀಚಿನ ಅನೇಕ ಮದರ್‌ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ, ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಅಚ್ಚಾಗಿರುತ್ತದೆ (ಡಿರ‍್ಯಾಮ್ ಎಂದರೆ ರ‍್ಯಾಮ್, ವಿಜಿಎ ಎಂದರೆ ಚಿತ್ರದ ಭಾಗ, ಬೂಟ್ ಎಂದರೆ ವಿಂಡೋಸ್ ಎಬ್ಬಿಸುವ ಹಂತ). ತಪಾಸಣೆ ಎಲ್ಲಿಗೆ ಬಂದು ನಿಂತಿತೋ ಆ ದೀಪ ಆರದೆ ಉಳಿಯುತ್ತದೆ. ದೀಪಗಳಿಲ್ಲದ ಹಳೆಯ ಬೋರ್ಡುಗಳು ಬೀಪ್ ಸದ್ದಿನಲ್ಲಿ ಹೇಳುತ್ತವೆ. ಎಷ್ಟು ಬೀಪಿಗೆ ಏನರ್ಥ ಎಂಬುದು ಬಯೋಸ್ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಕೈಪಿಡಿಯನ್ನೇ ನೋಡಬೇಕು. ಬೀಪ್ ಕೇಳಿಸಲು ಬೋರ್ಡಿಗೆ ಒಂದು ಗುಂಡು ಸ್ಪೀಕರ್ ಬೇಕು. ಹಲವು ಕ್ಯಾಬಿನೆಟ್ಟುಗಳಲ್ಲಿ ಈಗ ಅದು ಬರುವುದೇ ಇಲ್ಲ.

ರ‍್ಯಾಮ್ ಹಾಕಿದ ಮೇಲೆ ಹೀಗಾಗಿದ್ದರೆ ಹೊಸ ಸ್ಟಿಕ್ ತೆಗೆದು ಹಳೆಯದೊಂದನ್ನೇ ಇಟ್ಟು ನೋಡಿ. ಎದ್ದರೆ ಉಳಿದ ಯಂತ್ರವೆಲ್ಲ ಸರಿಯಿದೆ ಎಂದಾಯಿತು. ಈಗ ಹಳೆಯದನ್ನು ತೆಗೆದು ಹೊಸದೊಂದನ್ನೇ ಹಾಕಿ. ಅದೂ ಎದ್ದರೆ ಎರಡಕ್ಕೂ ಒಂದಕ್ಕೊಂದು ಹೊಂದಿಕೆ ಇಲ್ಲ. ಏಳದಿದ್ದರೆ ಸ್ಟಿಕ್ ಕೆಟ್ಟಿದೆ ಅಥವಾ ಈ ಬೋರ್ಡಿಗೆ ಒಗ್ಗುವುದಿಲ್ಲ. ನಾಲ್ಕು ಸ್ಲಾಟ್ ಇರುವ ಬಹುತೇಕ ಬೋರ್ಡುಗಳಲ್ಲಿ ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೆ, ಎರಡಿದ್ದರೆ ಎರಡು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಹೆಬ್ಬೆರಳಿಗೆ ನೋವಾಗುವಷ್ಟು ಒತ್ತಿದಾಗಲೇ ಸ್ಟಿಕ್ ಕೂರುವುದುಂಟು, ಆದರೆ ಬೋರ್ಡ್ ಬಾಗುವಷ್ಟು ಒತ್ತಬಾರದು. ಚಿನ್ನದ ಬಣ್ಣದ ಅಂಚಿಗೆ ಮಸುಕು ಹಿಡಿದಿದ್ದರೆ ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಹಾಕುವುದು ರಿಪೇರಿ ಅಂಗಡಿಗಳ ಹಳೆಯ ಮದ್ದು. ಕರಾವಳಿಯ ತೇವಕ್ಕೆ ಸಿಕ್ಕ ಯಂತ್ರಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ರ‍್ಯಾಮಿನಲ್ಲಿ ಜಾತಿಭೇದವೂ ಇದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಸ್ಲಾಟಿಗೆ ಇನ್ನೊಂದು ಹೋಗುವುದಿಲ್ಲ, ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ತಿರುಗಿಸಿ ಒತ್ತಿ ಒಳಗೆ ತಳ್ಳಲು ನೋಡಿದರೆ ಸ್ಲಾಟ್ ಒಡೆಯುತ್ತದೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ ಮೇಲೆ ಸೆಕೆಂಡ್ ಹ್ಯಾಂಡ್ ಮಾಲಿನತ್ತ ಕಣ್ಣು ಹಾಯಿಸುವವರು ಒಂದು ಮಾತು ತಿಳಿದಿರಬೇಕು: ಸರ್ವರುಗಳಿಂದ ಕಿತ್ತು ಮಾರುವ ‘ರಿಜಿಸ್ಟರ್ಡ್’ ರ‍್ಯಾಮ್ ಎಷ್ಟೇ ಅಗ್ಗವಿದ್ದರೂ ಸಾಮಾನ್ಯ ಮನೆಯ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಇನ್ನು ಡಿಡಿಆರ್5 ಹಾಕಿದವರು ಮೊದಲ ಸಲ ಸ್ವಲ್ಪ ಕಾಯಬೇಕು. ಸ್ಟಿಕ್ಕಿನೊಡನೆ ಯಾವ ವೇಗ, ಯಾವ ಹೊಂದಾಣಿಕೆಯಲ್ಲಿ ಮಾತಾಡಬೇಕು ಎಂದು ಬಯೋಸ್ ಕಲಿತುಕೊಳ್ಳುವ ಹಂತ ಕೆಲವು ನಿಮಿಷ ಹಿಡಿಯಬಹುದು, ಆಗೆಲ್ಲ ಪರದೆ ಕಪ್ಪಗೇ ಇರುತ್ತದೆ. ನಡುವೆ ತಾಳ್ಮೆಗೆಟ್ಟು ಆರಿಸಿದರೆ ಕಲಿಕೆ ಮತ್ತೆ ಮೊದಲಿನಿಂದ.

ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಪ್ಪಾಗಿದ್ದರೆ ಮಾನಿಟರಿನ ಕೇಬಲ್ ಎಲ್ಲಿದೆ ನೋಡಿ. ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿನ ತೂತಿಗೇ ಸಿಕ್ಕಿಸಿದ್ದರೆ ಚಿತ್ರ ಬರದಿರಬಹುದು. ಕಾರ್ಡಿನ ತೂತಿಗೆ ಕೊಡಬೇಕು. ಕಾರ್ಡಿಗೆ ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ 75 ವಾಟ್. ಅದಕ್ಕೂ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲ್ ಹಾಕಲೇಬೇಕು.

ಪ್ರೊಸೆಸರ್ ಬದಲಾವಣೆಯ ಕಥೆ ಬೇರೆ. ಅಲ್ಲಿ ‘ಕೂರುತ್ತದೆ’ ಎಂಬುದಕ್ಕೆ ‘ನಡೆಯುತ್ತದೆ’ ಎಂದು ಅರ್ಥವಿಲ್ಲ. ಇಂಟೆಲ್‌ನ ಆರು, ಏಳನೆಯ ಪೀಳಿಗೆಯ ಬೋರ್ಡುಗಳಿಗೂ 2017ರಲ್ಲಿ ಬಂದ ಎಂಟನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರಿಗೂ ಸಾಕೆಟ್ಟಿನ ಹೆಸರು, ಪಿನ್ನುಗಳ ಸಂಖ್ಯೆ ಒಂದೇ. ಆದರೂ ಆ ಬೋರ್ಡುಗಳಲ್ಲಿ ಅದು ನಡೆಯುವಂತೆ ಇಂಟೆಲ್ ಮಾಡಿಲ್ಲ. ವಿಂಡೋಸ್ 11ರ ಆಸೆಗೆ ಹಳೆಯ ಬೋರ್ಡಿನ ಮೇಲೆ ಎಂಟನೆಯ ಪೀಳಿಗೆಯ ಪ್ರೊಸೆಸರ್ ತಂದು ಕೂರಿಸಲು ಹೊರಟವರು ಎಡವುವುದು ಇಲ್ಲಿ. ಎಎಂಡಿಯಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ: 2018ರ ಬಿ450 ಬೋರ್ಡಿನಲ್ಲಿ 2020ರ ಕೊನೆಗೆ ಬಂದ ರೈಜೆನ್ 5000 ಸರಣಿ ಓಡುತ್ತದೆ, ಆದರೆ ಬಯೋಸನ್ನು ಮೊದಲು ಹೊಸ ಆವೃತ್ತಿಗೆ ಏರಿಸಬೇಕು. ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಏರಿಸಿಕೊಳ್ಳಬೇಕು. ಬಿಚ್ಚಿದ ಮೇಲೆ ನೆನಪಾದರೆ ಹಳೆಯದನ್ನೇ ಮತ್ತೆ ಕೂರಿಸಬೇಕಾಗುತ್ತದೆ. ಕೆಲವು ಬೋರ್ಡುಗಳಲ್ಲಿ ಮಾತ್ರ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಏರಿಸುವ ಗುಂಡಿ ಇರುತ್ತದೆ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳು ತಾವಾಗಿ ಚಿತ್ರ ಕೊಡಲಾರವು, ಅವಕ್ಕೆ ಗ್ರಾಫಿಕ್ಸ್ ಕಾರ್ಡ್ ಕಡ್ಡಾಯ. ಪ್ರೊಸೆಸರಿನ ಪಕ್ಕದ ಮೂಲೆಯಲ್ಲಿರುವ ನಾಲ್ಕು ಅಥವಾ ಎಂಟು ಪಿನ್ನಿನ ಪವರ್ ಕೇಬಲ್ ಹಾಕದಿದ್ದರೂ ಫ್ಯಾನುಗಳು ತಿರುಗುತ್ತವೆ, ಬೇರೇನೂ ಆಗುವುದಿಲ್ಲ.

ಬಯೋಸ್‌ನ ನೆನಪು ಅಳಿಸುವುದು

ಹೊಸ ಭಾಗಕ್ಕೆ ಹಳೆಯ ಸೆಟ್ಟಿಂಗ್ ಒಗ್ಗದೆ ಯಂತ್ರ ನಿಲ್ಲುವುದುಂಟು. ಆಗ ಬಯೋಸನ್ನು ಕಾರ್ಖಾನೆಯ ಸ್ಥಿತಿಗೆ ತರಬೇಕು. ಬೋರ್ಡಿನ ಮೇಲಿನ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯನ್ನು, ವೈರು ಕಿತ್ತ ಸ್ಥಿತಿಯಲ್ಲಿ, ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಅಥವಾ ಕೈಪಿಡಿ ತೋರಿಸುವ ಎರಡು ಪಿನ್ನುಗಳನ್ನು ಕ್ಷಣಕಾಲ ಜೋಡಿಸಿ. ಇದರಿಂದ ನಿಮ್ಮ ಫೈಲುಗಳಿಗೆ ಏನೂ ಆಗುವುದಿಲ್ಲ. ಆದರೆ ಡಿಸ್ಕಿಗೆ ಸಂಬಂಧಿಸಿದ ಸೆಟ್ಟಿಂಗೂ ಮೂಲಕ್ಕೆ ಮರಳುವುದರಿಂದ, ಕಪ್ಪು ಪರದೆ ವಾಸಿಯಾಗಿ ಮುಂದಿನ ಹಂತದ ತೊಂದರೆ ಹುಟ್ಟಬಹುದು.

ಲೋಗೋ ಬಂತು, ವಿಂಡೋಸ್ ಬರಲಿಲ್ಲ

ಇಲ್ಲಿಗೆ ಬಂದಿದ್ದೀರೆಂದರೆ ಪ್ರೊಸೆಸರ್, ರ‍್ಯಾಮ್, ಚಿತ್ರ ಎಲ್ಲವೂ ಕೆಲಸ ಮಾಡುತ್ತಿವೆ. ಉಳಿದಿರುವುದು ಡಿಸ್ಕಿಗೂ ಬಯೋಸಿಗೂ ಇರುವ ತಕರಾರು. ಯಂತ್ರ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತಿದ್ದರೆ ಬಹುತೇಕ ಬೋರ್ಡುಗಳು ಬಯೋಸ್ ಪುಟ ತೆರೆಯುತ್ತವೆ. ಡಿಸ್ಕಿನ ಹೆಸರು ಅಲ್ಲಿ ಕಾಣಿಸುತ್ತಿದೆಯೇ?

ಕಾಣಿಸದಿದ್ದರೆ ಎಸ್‌ಎಸ್‌ಡಿಯ ಜಾತಿ ನೋಡಿ. ಎಂ.2 ಎಂಬುದು ಬರಿಯ ಆಕಾರದ ಹೆಸರು. ಒಳಗೆ ಡಿಸ್ಕ್ ಬೋರ್ಡಿನೊಡನೆ ಮಾತಾಡುವ ವಿಧಾನ ಸಾಟಾ ಇರಬಹುದು, ಅದಕ್ಕಿಂತ ಹೊಸದಾದ ಎನ್‌ವಿಎಂಇ ಇರಬಹುದು. ಒಂದನ್ನಷ್ಟೇ ಒಪ್ಪುವ ಸ್ಲಾಟಿಗೆ ಇನ್ನೊಂದು ಸೇರಿಕೊಂಡರೂ ಬಯೋಸಿಗೆ ಕಾಣುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದ ಕೂಡಲೇ ಒಂದೆರಡು ಸಾಟಾ ತೂತುಗಳು ತಾವಾಗಿ ನಿಷ್ಕ್ರಿಯವಾಗುತ್ತವೆ. ಹೊಸ ಎಸ್‌ಎಸ್‌ಡಿ ಬಂತು, ಹಳೆಯ ಹಾರ್ಡ್ ಡಿಸ್ಕ್ ಮಾಯವಾಯಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಹಾರ್ಡ್ ಡಿಸ್ಕಿನ ಕೇಬಲ್ಲನ್ನು ಬೇರೆ ತೂತಿಗೆ ಬದಲಿಸಿದರೆ ಮುಗಿಯಿತು.

ಡಿಸ್ಕ್ ಕಾಣಿಸುತ್ತಿದ್ದೂ ವಿಂಡೋಸ್ ಬರದಿದ್ದರೆ ಬೂಟ್ ಕ್ರಮದಲ್ಲಿ ಅದು ಮೊದಲಿದೆಯೇ ನೋಡಿ. ಮೊದಲೇ ಇದ್ದರೆ ಡಿಸ್ಕಿನ ವಿಭಜನಾ ಪದ್ಧತಿಯತ್ತ ಬನ್ನಿ. ಹಳೆಯ ಪದ್ಧತಿ ಎಂಬಿಆರ್, ಹೊಸದು ಜಿಪಿಟಿ. ಎಂಬಿಆರ್ ಡಿಸ್ಕಿನಿಂದ ವಿಂಡೋಸ್ ಏಳಬೇಕಾದರೆ ಬಯೋಸಿನಲ್ಲಿ ಸಿಎಸ್‌ಎಂ ಎಂಬ ಹಳೆಯ ಕಾಲದ ಹೊಂದಾಣಿಕೆ ಚಾಲೂ ಇರಬೇಕು. ವಿಂಡೋಸ್ 11ಕ್ಕಾಗಿ ಸೆಕ್ಯೂರ್ ಬೂಟ್ ಹಾಕಲು ಹೋಗಿ ಸಿಎಸ್‌ಎಂ ಆರಿಸಿದ ಕೂಡಲೇ ಯಂತ್ರ ಮತ್ತೆ ಮತ್ತೆ ಬಯೋಸ್ ಪುಟಕ್ಕೇ ಮರಳುವುದು ಈ ಕಾರಣಕ್ಕೆ. ಸಿಎಸ್‌ಎಂ ಮರಳಿ ಹಾಕಿದರೆ ವಿಂಡೋಸ್ ಬರುತ್ತದೆ. ಆಮೇಲೆ ಫೈಲುಗಳ ಪ್ರತಿ ತೆಗೆದಿಟ್ಟುಕೊಂಡು, ವಿಂಡೋಸ್ 10ರ 1703ನೆಯ ಆವೃತ್ತಿಯಿಂದ ಒಳಗೇ ಇರುವ ‘ಎಂಬಿಆರ್2ಜಿಪಿಟಿ’ ಸಾಧನದಿಂದ ಡಿಸ್ಕನ್ನು ಬದಲಿಸಿ, ಆನಂತರ ಸಿಎಸ್‌ಎಂ ಆರಿಸಬೇಕು. ತೀರ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ಆರಿದಾಗ ಚಿತ್ರವೇ ಬರದಿರಬಹುದು ಎಂಬುದೂ ತಿಳಿದಿರಲಿ.

ಹಳೆಯ ಹಾರ್ಡ್ ಡಿಸ್ಕ್ ಜೋಡಿಸಿಟ್ಟುಕೊಂಡೇ ಹೊಸ ಎಸ್‌ಎಸ್‌ಡಿಯ ಮೇಲೆ ವಿಂಡೋಸ್ ಹಾಕಿದರೆ ಇನ್ನೊಂದು ಸಿಕ್ಕು ಹುಟ್ಟಬಹುದು. ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಕೂತರೂ, ಅದನ್ನು ಎಬ್ಬಿಸುವ ಪುಟ್ಟ ಭಾಗ ಮೊದಲೇ ಹಳೆಯ ಡಿಸ್ಕಿನಲ್ಲಿದ್ದರೆ ಅಲ್ಲೇ ಉಳಿಯುತ್ತದೆ. ತಿಂಗಳುಗಳ ನಂತರ ಹಳೆಯ ಡಿಸ್ಕ್ ಕಿತ್ತ ದಿನ ಯಂತ್ರ ಏಳುವುದಿಲ್ಲ, ಆಗ ಎಸ್‌ಎಸ್‌ಡಿಯನ್ನು ಬೈಯುತ್ತೇವೆ. ಹೊಸದಾಗಿ ವಿಂಡೋಸ್ ಹಾಕುವಾಗ ಉಳಿದೆಲ್ಲ ಡಿಸ್ಕುಗಳನ್ನು ಬಿಚ್ಚಿಡುವುದೇ ಉಪಾಯ. ಹಳೆಯದರ ಯಥಾಪ್ರತಿಯನ್ನು ಎಸ್‌ಎಸ್‌ಡಿಗೆ ಇಳಿಸಿದ್ದರೂ ಮೊದಲ ಸಲ ಎಸ್‌ಎಸ್‌ಡಿಯೊಂದರಿಂದಲೇ ಎಬ್ಬಿಸಿ.

ನೀಲಿ ಪರದೆಯ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ ಬಯೋಸಿನಲ್ಲಿ ಡಿಸ್ಕಿನೊಡನೆ ಮಾತಾಡುವ ವಿಧಾನ ಬದಲಾಗಿರಬಹುದು. ಎಎಚ್‌ಸಿಐ ಇದ್ದದ್ದು ರೇಡ್ ಆಗಿದ್ದರೆ, ಅಥವಾ ತಿರುಗಿ ಹಾಗೆ ಆಗಿದ್ದರೆ, ಮೊದಲಿದ್ದಂತೆ ಮಾಡಿ ನೋಡಿ. ಬ್ಯಾಟರಿ ತೆಗೆದು ಹಾಕಿದ ಮೇಲೆ ಬರುವ ತೊಂದರೆ ಎಂದು ಮೇಲೆ ಹೇಳಿದ್ದು ಇದನ್ನೇ.

48 ಅಂಕಿಗಳನ್ನು ಕೇಳುವ ಪರದೆ

ಇದು ಕೆಟ್ಟುಹೋದ ಲಕ್ಷಣವಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡಬಲ್ಲದು. ಬಿಟ್‌ಲಾಕರ್ ಎಂಬ ವ್ಯವಸ್ಥೆ ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಟ್ಟು, ಬೀಗದ ಕೀಲಿಯನ್ನು ಟಿಪಿಎಂನಲ್ಲಿ ಇಟ್ಟಿರುತ್ತದೆ. ಮದರ್‌ಬೋರ್ಡ್, ಬಯೋಸ್ ಆವೃತ್ತಿ ಅಥವಾ ಪ್ರೊಸೆಸರ್ ಬದಲಾದರೆ ಇದು ಅದೇ ಯಂತ್ರ ಹೌದೋ ಅಲ್ಲವೋ ಎಂಬ ಸಂಶಯ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಆ ಕೀ ಸಾಮಾನ್ಯವಾಗಿ ಖಾತೆಯಲ್ಲೇ ಉಳಿದಿರುತ್ತದೆ, ಮೊಬೈಲಿನಿಂದ ಲಾಗಿನ್ ಆಗಿ ನೋಡಬಹುದು. ಎಎಂಡಿ ಯಂತ್ರಗಳಲ್ಲಿ ಪ್ರೊಸೆಸರ್ ಬದಲಿಸಿದ ಮೇಲೆ ಕಪ್ಪು ಪರದೆಯ ಮೇಲೆ ಎಫ್‌ಟಿಪಿಎಂ, ಅಂದರೆ ಪ್ರೊಸೆಸರಿನೊಳಗೇ ಇರುವ ಟಿಪಿಎಂ, ಅಳಿಸಬೇಕೇ ಎಂದು ಕೇಳಿ ‘ವೈ’ ಅಥವಾ ‘ಎನ್’ ಒತ್ತಲು ಹೇಳುವ ಸಂದೇಶ ಬರಬಹುದು. ಬಿಟ್‌ಲಾಕರ್ ಚಾಲೂ ಇದ್ದು ರಿಕವರಿ ಕೀ ಕೈಯಲ್ಲಿ ಇಲ್ಲದಿದ್ದರೆ ‘ವೈ’ ಒತ್ತಬೇಡಿ. ‘ಎನ್’ ಒತ್ತಿ, ಆರಿಸಿ, ಹಳೆಯ ಪ್ರೊಸೆಸರ್ ಮರಳಿ ಹಾಕಿ, ಕೀ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ. ಭಾಗ ಬದಲಿಸುವ ಮೊದಲೇ ಕಂಟ್ರೋಲ್ ಪ್ಯಾನೆಲಿನಲ್ಲಿ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದರೆ ಈ ಪೇಚಾಟವೇ ಇರದು.

ಯಾವುದೂ ಗೊತ್ತಾಗದಿದ್ದರೆ

ಮದರ್‌ಬೋರ್ಡ್, ಫ್ಯಾನ್ ಸಹಿತ ಪ್ರೊಸೆಸರ್, ಒಂದೇ ಒಂದು ರ‍್ಯಾಮ್, ಚಿತ್ರಕ್ಕೆ ಒಂದು ಹಾದಿ, ಎಸ್‌ಎಂಪಿಎಸ್ ಇಷ್ಟನ್ನು ಉಳಿಸಿ ಬೇರೆಲ್ಲವನ್ನೂ ಕಿತ್ತುಬಿಡಿ. ಡಿಸ್ಕ್, ಯುಎಸ್‌ಬಿಗೆ ಸಿಕ್ಕಿಸಿದ ಪ್ರಿಂಟರ್, ಪೆನ್‌ಡ್ರೈವ್ ಎಲ್ಲವೂ. ಬಯೋಸ್ ಪುಟ ಬಂದರೆ ಒಂದೊಂದನ್ನೇ ಸೇರಿಸುತ್ತಾ ಪ್ರತಿ ಸಲವೂ ಗುಂಡಿ ಒತ್ತಿ ನೋಡಿ. ಎರಡನ್ನು ಒಟ್ಟಿಗೆ ಸೇರಿಸಿದರೆ ತಪ್ಪಿತಸ್ಥ ಯಾವುದೆಂದು ತಿಳಿಯುವುದಿಲ್ಲ.

ಇಷ್ಟಕ್ಕೂ ಏಳದಿದ್ದರೆ, ಸುಟ್ಟ ವಾಸನೆ ಬಂದರೆ, ಅಥವಾ ಪ್ರೊಸೆಸರಿನದೋ ಸಾಕೆಟ್ಟಿನದೋ ಪಿನ್ನು ಬಾಗಿರುವುದು ಕಂಡರೆ ಕೈ ತೆಗೆದು ಅಂಗಡಿಗೆ ಒಯ್ಯಿರಿ. ಹಳೆಯ ಭಾಗವನ್ನೂ ಬಿಲ್ಲನ್ನೂ ಜೊತೆಗೊಯ್ದು, ಏನು ಬದಲಿಸಿದಿರಿ, ಯಾವ ದೀಪ ಉಳಿಯಿತು, ಎಷ್ಟು ಬೀಪ್ ಬಂತು ಎಂದು ಹೇಳಿ. ಹೊಸ ಭಾಗದ ಮೇಲಿನ ಸೀರಿಯಲ್ ಸಂಖ್ಯೆಯ ಚೀಟಿ ಕೀಳಬೇಡಿ, ವಾರಂಟಿಗೆ ಅದು ಬೇಕು. ತೊಂದರೆ ಮೊದಲೆರಡು ಹಂತದಲ್ಲಿದ್ದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಬಹುದು. ಮೂರನೆಯ ಹಂತದ್ದಾಗಿ ಡಿಸ್ಕ್ ಕೊಡಲೇಬೇಕಾದರೆ, ಕೇಳದೆ ಫಾರ್ಮ್ಯಾಟ್ ಮಾಡಬಾರದು ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.